ನೋಡೋಣ ಅಂದವರ ವೋಟು

ನನ್ನ ತಮ್ಮ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಮಾಡುವ ಕೆಲಸ ಏನೆಂದು ನಮ್ಮಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ತುಮಕೂರಿನಲ್ಲಿ ಯಾರಾದರೂ ಕೇಳಿದರೆ, ಎಲೆಕ್ಷನ್ನಿಗೆ ಮುಂಚೆಯೇ ಯಾರು ಗೆಲ್ಲುತ್ತಾರೆಂದು ಹೇಳುವ ಆಫೀಸು ಎನ್ನುತ್ತಿದ್ದಳು. ಓಹೋ ಜ್ಯೋತಿಷ್ಯವೋ ಎಂದು ಅವರು ತಲೆಯಾಡಿಸಿದರೆ, ಅದಲ್ಲ, ಇವನು ಕಂಪ್ಯೂಟರ್ ನೋಡಿ ಹೇಳುತ್ತಾನೆ ಎಂದು ತಿದ್ದುತ್ತಿದ್ದಳು. ತಮ್ಮನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ನನಗೆ ಮಾತ್ರ ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಕಾಣಿಸುತ್ತಿರಲಿಲ್ಲ.

ಅವನ ಕಂಪನಿಯವರು ಜನರಿಗೆ ಫೋನು ಮಾಡಿ ನಿಮ್ಮ ವೋಟು ಯಾರಿಗೆ ಎಂದು ಕೇಳುತ್ತಾರೆ. ಬಹಳಷ್ಟು ಜನ ಬೈದು ಫೋನಿಡುತ್ತಾರೆ. ಬೈಯದೆ ಉಳಿದವರ ಉತ್ತರಗಳನ್ನು ಇವನು ಮುಂದಿಟ್ಟುಕೊಂಡು, ಇದರಲ್ಲಿ ಮುದುಕರು ಜಾಸ್ತಿಯಾದರು, ಹುಡುಗರು ಕಡಿಮೆಯಾದರು ಎಂದು ಒಬ್ಬರನ್ನು ಹಿಗ್ಗಿಸಿ ಇನ್ನೊಬ್ಬರನ್ನು ಕುಗ್ಗಿಸಿ, ದೇಶದ ಮನಸ್ಸಿನಲ್ಲಿ ಏನಿದೆ ಎಂದು ವರದಿ ಬರೆಯುತ್ತಾನೆ. ಒಂದು ಸಲ ಈ ದೇಶದಲ್ಲಿ ಎಲ್ಲ ಸಮೀಕ್ಷೆಗಳೂ ಒಂದೇ ಬಾಯಲ್ಲಿ ಒಂದು ಪಕ್ಷ ಗೆಲ್ಲುತ್ತದೆ ಎಂದು ಹೇಳಿ ಇನ್ನೊಂದು ಪಕ್ಷ ಗೆದ್ದಿತು. ಆ ವಾರ ತಮ್ಮ ನನ್ನ ಫೋನು ಎತ್ತಲಿಲ್ಲ. ಅದಾದ ಮೇಲೆ ಸಿಕ್ಕಾಗ, ತಪ್ಪು ಸಮೀಕ್ಷೆಯದ್ದಲ್ಲ, ಸಮೀಕ್ಷೆಯನ್ನು ಓದಿದವರದ್ದು ಎಂದು ಬಹಳ ಹೊತ್ತು ವಿವರಿಸಿದ.

ನಾನಿರುವುದು ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ. ಅವನಿರುವುದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ವರ್ಷಕ್ಕೊಮ್ಮೆ ರಜೆಗೆ ಹೋಗಿ ಅವನ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಜಗಳವಾಡಿ ಬರುವುದು ನನ್ನ ಪದ್ಧತಿ. ಒಂದು ಸಲ ನಾನು ಸಾಂಬಾರಿನ ರುಚಿ ನೋಡುತ್ತಿದ್ದಾಗ ಅವನು ಅದನ್ನೇ ಹಿಡಿದುಕೊಂಡ. ಇಷ್ಟು ದೊಡ್ಡ ಪಾತ್ರೆಯ ಸಾಂಬಾರಿಗೆ ಒಂದು ಸೌಟು ಸಾಕಲ್ಲವೇ, ಸಮೀಕ್ಷೆಯೂ ಹಾಗೆಯೇ ಎಂದ. ನಾನು ಸೌಟು ಕೆಳಗಿಟ್ಟು ಹೇಳಿದೆ:

"ನೀನು ರುಚಿ ನೋಡ್ತಾ ಇದೀಯ ಅಂತ ಸಾಂಬಾರಿಗೆ ಗೊತ್ತಿರಲ್ಲ ಕಣೋ. ಜನಕ್ಕೆ ಗೊತ್ತಿರುತ್ತೆ."

ಅವನು ಇದಕ್ಕೆ ಅದೇನೋ ಇಂಗ್ಲಿಷ್ ಹೆಸರು ಹೇಳಿ, ಅದನ್ನೆಲ್ಲ ನಾವು ಲೆಕ್ಕಕ್ಕೆ ತೆಗೆದುಕೊಂಡಿರುತ್ತೇವೆ ಎಂದ. ಇಷ್ಟು ಬುದ್ಧಿ ಇದ್ದ ನಾನು, ಮುಂದೆ ನನ್ನದೇ ಎಲೆಕ್ಷನ್ ಬಂದಾಗ ಆ ಸೌಟನ್ನು ಎಲ್ಲಿಟ್ಟೆ ಎಂದು ಈಗಲೂ ಯೋಚಿಸುತ್ತೇನೆ.

ನನ್ನ ಕೆಲಸದ ಬಗ್ಗೆಯೂ ಹೇಳಿಬಿಡಬೇಕು. ನಾನು ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತೇನೆ. ಚುಚ್ಚುವ ಮೊದಲು ಏನೂ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಸುಳ್ಳು ಹೇಳುತ್ತೇನೆ, ಚುಚ್ಚಿದ ಮೇಲೆ ನೋವಾಯಿತಾ ಎಂದು ಕೇಳುತ್ತೇನೆ. ಎಲ್ಲರೂ ಇಲ್ಲ ಎನ್ನುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಂಡೇ. ನನ್ನ ಇಷ್ಟು ವರ್ಷಗಳ ಸರ್ವಿಸಿನಲ್ಲಿ ಹೌದು ಎಂದವರು ಮಕ್ಕಳು ಮಾತ್ರ. ವಾರದ ಐದು ದಿನ ಹೀಗೆ ಇಂಗ್ಲಿಷಿನಲ್ಲಿ ಸಭ್ಯಳಾಗಿದ್ದು ನನಗೆ ದವಡೆ ನೋಯುತ್ತದೆ.

ಹಾಗಾಗಿ ನನಗೆ ಶನಿವಾರ ಬೇಕು. ಶನಿವಾರ ಬೆಳಿಗ್ಗೆ ಕಮ್ಯುನಿಟಿ ಹಾಲಿನಲ್ಲಿ ನಮ್ಮ ಕನ್ನಡ ಸಂಘದ ಲೆಕ್ಕದಲ್ಲಿ ನಾನು ಕನ್ನಡ ಕ್ಲಾಸು ನಡೆಸುತ್ತಿದ್ದೆ. ಮೊದಲು ಹಾಲಿನ ತುಂಬ ಮಕ್ಕಳಿದ್ದರು. ಆಮೇಲೆ ಈಜು ಬಂತು, ಟೆನಿಸ್ ಬಂತು, ಪರೀಕ್ಷೆ ಬರೆದು ಸೇರುವ ಸೆಲೆಕ್ಟಿವ್ ಸ್ಕೂಲಿನ ಕೋಚಿಂಗ್ ಬಂತು, ಮಕ್ಕಳು ಒಂದು ಸಣ್ಣ ಟೇಬಲ್ಲಿನ ಸುತ್ತ ಹಿಡಿಸುವಷ್ಟಾದರು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದರು, ನಾನು ತುಮಕೂರಿನ ಕನ್ನಡದಲ್ಲಿ ಬೈಯುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬ ದೊಡ್ಡ ವಿದ್ಯಾರ್ಥಿನಿಯೂ ಇದ್ದರು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನ, ಆದರೆ ಹುಟ್ಟಿ ಬೆಳೆದದ್ದು ಮುಂಬೈನಲ್ಲಿ. ಕೊಂಕಣಿ ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಬರುವುದಿಲ್ಲ. ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸ್. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತು ಅ ಆ ಇ ಈ ತಿದ್ದುತ್ತಿದ್ದರು. ಯಾಕೆ ಕಲಿಯುತ್ತೀರಿ ಎಂದು ಕೇಳಿದ್ದಕ್ಕೆ, ತನ್ನ ಗಂಡ ಸಂಘದಲ್ಲಿ ಮೈಕ್ ಹಿಡಿದು ಮಾತಾಡುವಾಗ ಎಲ್ಲರೂ ನಗುತ್ತಾರೆ, ಆ ಜೋಕು ತನ್ನ ಮೇಲೆಯೋ ಎಂದು ತಿಳಿಯಬೇಕು ಎಂದು ಇಂಗ್ಲಿಷಿನಲ್ಲೇ ಹೇಳಿದ್ದರು. ಓದಲು ಚೆನ್ನಾಗಿ ಕಲಿತರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಆ ವರ್ಷ ಕಮಿಟಿಯವರಿಗೆ ಒಂದು ಹೊಸ ಯೋಚನೆ ಬಂತು. ಶನಿವಾರ ಬೆಳಗಿನ ಹಾಲನ್ನು ಹಿಂದಿ ಹಾಡಿಗೆ ಕುಣಿದು ತೂಕ ಇಳಿಸುವ ಗುಂಪಿಗೆ ಕೊಟ್ಟರೆ ಸಂಘಕ್ಕೆ ಜನ ಸೇರುತ್ತಾರಂತೆ. ಕನ್ನಡ ಕ್ಲಾಸನ್ನು ಝೂಮಿನಲ್ಲಿ ಮಾಡಬಹುದಂತೆ. ಮೀಟಿಂಗಿನಲ್ಲಿ ಇದನ್ನು ಕೇಳಿ ನನ್ನ ತಲೆ ಕೆಟ್ಟಿತು. ಝೂಮಿನಲ್ಲಿ ನಾನು ಯಾರ ಕಿವಿ ಹಿಂಡಲಿ? ಆದರೆ ಅದು ನೆಪ. ನಿಜ ಹೇಳುವುದಾದರೆ ನಾನು ಹೆದರಿದೆ. ನನ್ನ ಮಗ ಓದಲೆಂದು ಮನೆ ಬಿಟ್ಟು ಹೋಗಿದ್ದ, ಫೋನಿನಲ್ಲಿ ಅವನ ಕನ್ನಡ "ಹೂಂ, ಓಕೆ, ಬೈ" ಎನ್ನುವಷ್ಟಕ್ಕೆ ಇಳಿದಿತ್ತು. ಆ ಕ್ಲಾಸೂ ಹೋದರೆ ಶನಿವಾರ ನಾನು ಯಾಕೆ ಏಳಬೇಕು ಎಂಬುದು ನನಗೆ ತಿಳಿಯಲಿಲ್ಲ. ಎದ್ದು ನಿಂತು, ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಾನು ನಿಲ್ಲುತ್ತೇನೆ ಎಂದೆ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಮ್ಮ ಸಂಘದಲ್ಲಿ ಯಾರೂ ನಿಲ್ಲುವುದಿಲ್ಲ, ನಿಲ್ಲಿಸುತ್ತಾರೆ. ವಾರ್ಷಿಕ ಸಭೆಯ ಕೊನೆಯಲ್ಲಿ ಮೂರ್ನಾಲ್ಕು ಹೆಸರು ಕೂಗುತ್ತಾರೆ. ಅವರೆಲ್ಲ ಅಯ್ಯೋ ಬೇಡಪ್ಪ, ನನಗೆಲ್ಲಿ ಟೈಮು ಎನ್ನುತ್ತಾರೆ. ಯಾರ 'ಬೇಡ'ದಲ್ಲಿ ಕಡಿಮೆ ಬಲ ಇದೆಯೋ ಅವರಿಗೆ ಹಾರ ಹಾಕಿ ಅವಿರೋಧ ಆಯ್ಕೆ ಎಂದು ಚಪ್ಪಾಳೆ ತಟ್ಟುತ್ತಾರೆ. ತನಗೇ ಬೇಕು ಎಂದು ಬಾಯಿಬಿಟ್ಟು ಹೇಳುವ ಹೆಂಗಸನ್ನು ಅವರು ನೋಡಿರಲಿಲ್ಲ. ಕಮಿಟಿಯವರು ಗಾಬರಿಯಾಗಿ ಎರಡೇ ದಿನದಲ್ಲಿ ನನ್ನ ಎದುರಿಗೆ ಒಬ್ಬರನ್ನು ಹುಡುಕಿದರು. ಯಾರಿಗೂ ಆಗುವುದಿಲ್ಲ ಎಂದು ಹೇಳಲು ಬಾರದ ಒಬ್ಬರು ನಮ್ಮಲ್ಲಿದ್ದರು: ನನ್ನ ದೊಡ್ಡ ವಿದ್ಯಾರ್ಥಿನಿಯ ಗಂಡ.

ಅವರದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಮನೆಯಲ್ಲಿ ಕೊಂಕಣಿ, ಆದರೆ ಕನ್ನಡ ಮಾತಾಡಿದರೆ ನಮ್ಮಲ್ಲಿ ಯಾರಿಗೂ ಇಲ್ಲದಷ್ಟು ಶುದ್ಧ. ಯಾರ ಮನೆ ಬದಲಾವಣೆಗೂ ಅವರ ಟ್ರೇಲರ್ ಬೇಕು, ಯಾವ ಹಬ್ಬಕ್ಕೂ ಕುರ್ಚಿ ಜೋಡಿಸುವವರು ಅವರೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನ ಪಟ್ಟೆ, ಸಾಧ್ಯವಾಗಲಿಲ್ಲ. ಅವರನ್ನು ನಿಲ್ಲಿಸಿದವರ ಮೇಲೆ ಮಾಡಿಕೊಂಡೆ.

ಸಂಗತಿ ತಿಳಿದ ತಮ್ಮ ಸಿಡ್ನಿಯಿಂದ ಫೋನು ಮಾಡಿ, ನಾನೊಂದು ಸಮೀಕ್ಷೆ ಮಾಡುತ್ತೇನೆ ಎಂದ. ದೇಶಕ್ಕೆಲ್ಲ ಮಾಡುವವನಿಗೆ ಅಕ್ಕನಿಗೆ ಮಾಡಲು ಆಗುವುದಿಲ್ಲವೇ ಎಂಬುದು ಅವನ ಹಠ. ನಮ್ಮ ಸಂಘದಲ್ಲಿ ಇರುವ ಜನವೇ ಕಡಿಮೆ, ಹಾಗಾಗಿ ಸ್ಯಾಂಪಲ್ಲು ಗೀಂಪಲ್ಲು ಏನೂ ಬೇಡ, ಎಲ್ಲರಿಗೂ ಫೋನು ಮಾಡಿಬಿಡುತ್ತೇನೆ, ತಪ್ಪಾಗುವ ಮಾತೇ ಇಲ್ಲ ಎಂದ. ನಾನು ನಂಬರುಗಳನ್ನು ಕಳಿಸಿದೆ. ಯಾರೆಂದು ಹೇಳಬೇಡ, ಸ್ವತಂತ್ರ ಸಮೀಕ್ಷೆ ಎನ್ನು ಎಂದು ಎಚ್ಚರಿಸಿದೆ.

ಅವನ ಸ್ವಾತಂತ್ರ್ಯ ಎರಡು ಫೋನಿನವರೆಗೆ ಉಳಿಯಿತು. ಮೂರನೆಯ ಫೋನು ಎತ್ತಿದ್ದು ನಮ್ಮ ಹಿಂದಿನ ಬೀದಿಯ ಆಂಟಿ. ಅವನು ಗಂಟಲು ಸರಿಮಾಡಿಕೊಂಡು ಅಧ್ಯಕ್ಷ ಸ್ಥಾನಕ್ಕೆ ತಮ್ಮ ಮತ ಯಾರಿಗೆ ಎಂದು ಓದುತ್ತಿರುವಾಗಲೇ, ನೀನು ಅವರ ತಮ್ಮ ಅಲ್ವೇನಪ್ಪ, ದನಿ ಥೇಟ್ ಅಕ್ಕನದೇ ಎಂದರಂತೆ. ಆಮೇಲೆ ಖಾಯಂ ನೆಲೆಸುವ ಪಿಆರ್ ಬಂದು ಇಷ್ಟು ದಿನವಾದರೂ ಮನೆ ಯಾಕೆ ತೆಗೆದುಕೊಂಡಿಲ್ಲ, ಸಿಡ್ನಿಯಲ್ಲಿ ರೆಂಟ್ ಎಷ್ಟು, ಒಂದೇ ಮಗು ಯಾಕೆ ಎಂದು ಅವರೇ ಇವನ ಸಮೀಕ್ಷೆ ಮಾಡಿ, ಕೊನೆಯಲ್ಲಿ, ಅಕ್ಕನಿಗೆ ಬಿಟ್ಟು ಇನ್ಯಾರಿಗೆ ಹಾಕುತ್ತೇವಪ್ಪ ಎಂದರಂತೆ. ಅಷ್ಟು ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಆಮೇಲೆ ಫೋನು ಎತ್ತಿದವರೆಲ್ಲ ಬಹಳ ಪ್ರೀತಿಯಿಂದ ಮಾತಾಡಿದರು. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ದಿನವಿಡೀ ಬೈಸಿಕೊಳ್ಳುವ ಕಂಪನಿಯವನಿಗೆ, ಯಾರೂ ಫೋನು ಕುಕ್ಕದಿರುವ ಸಮೀಕ್ಷೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಊಟ ಆಯಿತಾ ಎಂದು ಕೇಳುವ ಮತದಾರರಿಗೆ ಅವನು ಸೋತುಹೋದ. ಹೆಚ್ಚಿನವರು ಅಕ್ಕನಿಗೇ ಎಂದರು. ಉಳಿದವರು ನೋಡೋಣ ಎಂದರು. ನೋಡೋಣ ಎಂದವರನ್ನು ಇನ್ನೂ ನಿರ್ಧರಿಸಿಲ್ಲ ಎಂಬ ಕಡೆ ಹಾಕಿ, ಅವನ ಕಸುಬಿನ ರೂಢಿಯಂತೆ ಇಬ್ಬರಿಗೂ ಪಾಲು ಮಾಡಿ ಹಂಚಿದ. ಪಾಲಿನಲ್ಲೂ ನನಗೇ ಹೆಚ್ಚು ಬಂತು. ತುಮಕೂರಿನಲ್ಲಿ ಹೆಣ್ಣು ನೋಡಲು ಬಂದವರು ಹೊರಡುವಾಗ ನೋಡೋಣ ಎಂದರೆ ಅದರ ಅರ್ಥ ಏನೆಂದು ಅವನಿಗೆ ಗೊತ್ತಿತ್ತು. ನಮ್ಮ ಸೋದರತ್ತೆಯ ಮದುವೆಗೆ ಮುಂಚೆ ನಾವಿಬ್ಬರೂ ಎಷ್ಟೋ ನೋಡೋಣಗಳನ್ನು ಬಾಗಿಲ ಸಂದಿಯಿಂದ ಕೇಳಿದ್ದೆವು. ಎಕ್ಸೆಲ್ಲಿನ ಮುಂದೆ ಕೂತಾಗ ಮರೆತುಹೋಯಿತು.

ಎಲ್ಲರಿಗೂ ಫೋನು ಮಾಡುವ ಹುಮ್ಮಸ್ಸಿನಲ್ಲಿ ಅವನು ನನ್ನ ಎದುರಾಳಿಗೂ ಮಾಡಿಬಿಟ್ಟಿದ್ದ. ಅವರು ಸ್ವಲ್ಪವೂ ಯೋಚಿಸದೆ, ನನ್ನದೂ ನನ್ನ ಹೆಂಡತಿಯದೂ ನಿಮ್ಮ ಅಕ್ಕನಿಗೆ ಎಂದರಂತೆ. ತಮ್ಮ ಇದನ್ನು ನನಗೆ ಹೇಳಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ತಮಾಷೆಯ ಉತ್ತರ, ಲೆಕ್ಕಕ್ಕಿಲ್ಲ ಎಂದು ಆ ಎರಡನ್ನು ತೆಗೆದುಹಾಕಿದ. ಶಿಸ್ತಿನ ಸಮೀಕ್ಷೆಯಲ್ಲಿ ಇಂಥ ಕಸವನ್ನು ಮೊದಲು ಗುಡಿಸಬೇಕಂತೆ.

ವರದಿ ಬಂತು. ಬಣ್ಣದ ಚಿತ್ರಗಳೊಡನೆ, ನಾನು ಬಹಳ ದೊಡ್ಡ ಅಂತರದಲ್ಲಿ ಗೆಲ್ಲುತ್ತೇನೆಂದು. ನಾನು ಅದನ್ನು ಗಂಡನಿಗೆ ತೋರಿಸಿದೆ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ, ಮಾರ್ಟ್‌ಗೇಜಿನ ಬಡ್ಡಿ ಏರಿದ ದಿನ ಮಾತ್ರ ಉದ್ದ ವಾಕ್ಯ ಮಾತಾಡುತ್ತಾನೆ. ಚಿತ್ರಗಳನ್ನೆಲ್ಲ ನೋಡಿ ಮುಗಿಸಿ ಹೇಳಿದ:

"ನಿನ್ ತಮ್ಮ ಕೇಳಿರೋದು ಯಾರಿಗೆ ವೋಟ್ ಹಾಕ್ತೀರಾ ಅಂತ ಅಲ್ಲ. ನಮ್ಮಕ್ಕನ್ನ ಕಂಡ್ರೆ ನಿಮಗಾಗಲ್ವಾ ಅಂತ. ಅದಕ್ಕೆ ಹೌದು ಅನ್ನೋ ಗಂಡಸು ಈ ಸಬರ್ಬ್‌ನಲ್ಲಿ ಇದಾನಾ?"

ನಾನು ಎರಡು ದಿನ ಅವನೊಡನೆ ಮಾತು ಬಿಟ್ಟೆ. ಗೆಲ್ಲುತ್ತೀಯ ಎಂದು ಹೇಳುವ ಕಾಗದವೊಂದು ಕೈಗೆ ಬಂದ ಮೇಲೆ ಸಂಶಯ ಪಡುವವರು ಹೊಟ್ಟೆಕಿಚ್ಚಿನವರ ಹಾಗೆ ಕಾಣತೊಡಗುತ್ತಾರೆ. ರುಚಿ ನೋಡುತ್ತಿರುವುದು ಜನಕ್ಕೆ ಗೊತ್ತಿರುತ್ತದೆ ಎಂದು ತಮ್ಮನಿಗೆ ಪಾಠ ಹೇಳಿದವಳು ನಾನೇ. ಆದರೆ ಸಾಂಬಾರು ಚೆನ್ನಾಗಿದೆ ಎಂದು ಬಂದಾಗ ಯಾರು ಸೌಟನ್ನು ಪ್ರಶ್ನಿಸುತ್ತಾರೆ? ಮನೆಮನೆಗೆ ಹೋಗಿ ಕೇಳಬೇಕೆಂದು ಮಾಡಿಟ್ಟುಕೊಂಡಿದ್ದ ಯೋಜನೆಯನ್ನು ಕೈಬಿಟ್ಟೆ. ಗೆದ್ದ ಮೇಲಿನ ಭಾಷಣ ತಯಾರಿಸಿದೆ. ಹಿಂದಿನ ಬೀದಿಯ ಆಂಟಿಗೆ, ಯಾರಿಗೂ ಹೇಳಬೇಡಿ ಎಂದು ವರದಿಯ ಸಾರಾಂಶವನ್ನು ಹೇಳಿದೆ. ಅವರು ಅದನ್ನು ಆ ಸಂಜೆಯೇ ಗುಂಪಿಗೆ ಹಾಕಿದರು, ಕೆಳಗೆ ಕೈಮುಗಿದ ಚಿತ್ರದೊಡನೆ.

ಚುನಾವಣೆ ಒಂದು ಭಾನುವಾರ, ಅದೇ ಹಾಲಿನಲ್ಲಿ. ತಮ್ಮ ತನ್ನ ಸಮೀಕ್ಷೆ ನಿಜವಾಗುವುದನ್ನು ಕಣ್ಣಾರೆ ನೋಡಲು ವಿಮಾನ ಹತ್ತಿ ಬಂದಿದ್ದ. ನಮ್ಮಲ್ಲಿ ಯಾರಿಗೂ ವೋಟು ಹಾಕಿಸಿ ಅಭ್ಯಾಸವಿಲ್ಲ, ಹಾಗಾಗಿ ಯಾರದೋ ಮನೆಯ ಮಿಕ್ಸಿಯ ಡಬ್ಬಕ್ಕೆ ಸೀಳು ಕೊರೆದು ಮತಪೆಟ್ಟಿಗೆ ಮಾಡಿದ್ದರು. ಊಟಕ್ಕೆ ಮುಂಚೆ ವೋಟು ಎಂದು ತೀರ್ಮಾನವಾಗಿತ್ತು. ಆದರೆ ಅಡಿಗೆಯವನು ಬೇಗ ಬಂದುಬಿಟ್ಟ. ಬಿಸಿಬೇಳೆಬಾತಿನ ಮುಚ್ಚಳ ತೆಗೆದದ್ದೇ ತಡ, ಹಾಲಿನಲ್ಲಿ ಎರಡು ಕ್ಯೂ ಆದವು. ಒಂದು ಮಿಕ್ಸಿ ಡಬ್ಬದ ಕಡೆಗೆ, ಇನ್ನೊಂದು ಪಾತ್ರೆಯ ಕಡೆಗೆ. ಯಾವುದು ಉದ್ದವಾಗಿತ್ತೆಂದು ಹೇಳಬೇಕಾಗಿಲ್ಲ.

ತಮ್ಮ ಗೋಡೆಗೊರಗಿ ನಿಂತಿದ್ದವನು ಮೊದಲ ಸಲ ಸ್ವಲ್ಪ ಬೆವರಿದ. ಈ ದೇಶದ ಚುನಾವಣೆಗಳಲ್ಲಿ ವೋಟು ಹಾಕದಿದ್ದರೆ ದಂಡ ಬೀಳುತ್ತದೆ, ಹಾಗಾಗಿ ಎಲ್ಲರೂ ಬಂದೇ ಬರುತ್ತಾರೆ. ಬಂದವರಿಗೆ ಹೊರಗೆ ಬ್ರೆಡ್ಡಿನಲ್ಲಿ ಸಾಸೇಜು ಮಾರುತ್ತಿರುತ್ತಾರೆ. ನನ್ನ ಗಂಡ ಸಸ್ಯಾಹಾರಿ, ಪ್ರತಿ ಸಲವೂ ಬ್ರೆಡ್ಡಿನಲ್ಲಿ ಬರೀ ಈರುಳ್ಳಿ ಹಾಕಿಸಿಕೊಂಡು ತಿಂದು ನಾಗರಿಕನ ಕರ್ತವ್ಯ ಮುಗಿಯಿತು ಎನ್ನುತ್ತಾನೆ. ಅಲ್ಲಿ ವೋಟು ಆದ ಮೇಲೆ ಊಟ. ತಮ್ಮನ ಲೆಕ್ಕವೆಲ್ಲ ಆ ಜನರ ಮೇಲೆ ಕಲಿತದ್ದು. ಹೇಳಿದವರು ಬಂದು ಹಾಕುತ್ತಾರೋ ಇಲ್ಲವೋ ಎಂದು ಯೋಚಿಸುವ ಅಗತ್ಯ ಅವನಿಗೆ ಬಿದ್ದೇ ಇರಲಿಲ್ಲ.

ನನ್ನ ಸರದಿ ಬಂತು. ಪರದೆ ಎಂದರೆ ಸ್ಟೇಜಿನ ಹಿಂದಿನ ಮೂಲೆ. ಕೈಯಲ್ಲಿ ಚೀಟಿ, ಎರಡು ಹೆಸರು. ಮೂಲೆಯಿಂದ ನೋಡಿದರೆ ನನ್ನ ಎದುರಾಳಿ ಕಾಣುತ್ತಿದ್ದರು. ಅವರು ಭಾಷಣ ಮಾಡುತ್ತಿರಲಿಲ್ಲ, ಯಾರನ್ನೂ ಮಾತಾಡಿಸುತ್ತಲೂ ಇರಲಿಲ್ಲ, ನೀರಿನ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತರುತ್ತಿದ್ದರು. ನಾನು ಪೆನ್ನು ನನ್ನ ಹೆಸರಿನ ಮೇಲೆ ತಂದೆ. ಕೈ ನಿಂತಿತು. ನಮ್ಮ ಮನೆಯಲ್ಲಿ ಬಡಿಸುವವರು ತಮ್ಮ ಎಲೆಗೆ ತಾವೇ ಬಡಿಸಿಕೊಳ್ಳುತ್ತಿರಲಿಲ್ಲ. ಅಮ್ಮ ಒಬ್ಬಳೇ ಉಳಿದರೂ ಸೌಟನ್ನು ನನ್ನ ಕೈಗೆ ಕೊಟ್ಟು, ನೀನು ಹಾಕು ಎನ್ನುತ್ತಿದ್ದಳು. ನನ್ನ ಹೆಸರಿಗೆ ನಾನೇ ಗುರುತು ಹಾಕಿಕೊಳ್ಳುವುದೆಂದರೆ ಪಂಕ್ತಿಯಲ್ಲಿ ಪಾತ್ರೆಗೆ ಕೈ ಹಾಕಿದ ಹಾಗಾಯಿತು. ಹೇಗಿದ್ದರೂ ದೊಡ್ಡ ಅಂತರದಲ್ಲಿ ಗೆಲ್ಲುತ್ತಿದ್ದೇನಲ್ಲ, ಬಣ್ಣದ ಚಿತ್ರಗಳಿವೆಯಲ್ಲ. ಪಾಪ, ಅವರಿಗೆ ಎಲ್ಲಿ ತೀರಾ ಕಡಿಮೆ ಬಿದ್ದು ಅವಮಾನವಾಗುತ್ತದೋ. ಅವರ ಹೆಸರಿಗೆ ಗುರುತು ಹಾಕಿ, ಚೀಟಿ ಮಡಿಸಿ, ಡಬ್ಬದೊಳಗೆ ಬಿಟ್ಟೆ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಒಂದು ವೋಟಿನಿಂದ ಸೋತೆ.

ಎರಡನೆಯ ಸಲ ಎಣಿಸಿದರು, ಅಷ್ಟೇ ಬಂತು. ಹಿಂದಿನ ಬೀದಿಯ ಆಂಟಿ ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ಬಂದು ನನ್ನನ್ನು ತಬ್ಬಿಕೊಂಡು, ಹೆಂಗಿದ್ರೂ ನೀವೇ ಗೆಲ್ತೀರಾ ಅಂತ ಗ್ರೂಪಲ್ಲಿ ಇತ್ತಲ್ಲ, ಅದಕ್ಕೇ ಊಟದ ಕ್ಯೂ ಬಿಟ್ಟು ಬರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಆ ಮಾತನ್ನು ಇನ್ನೂ ಕೆಲವರು ಹೇಳಿದರು. ಗುಂಪಿಗೆ ಅದನ್ನು ಹಾಕಿದವರು ತಾವೇ ಎಂದು ಆಂಟಿಗೆ ನೆನಪಿರಲಿಲ್ಲ. ನನ್ನ ಭಾಷಣ ಪರ್ಸಿನೊಳಗೆ ಹಾಗೇ ಇತ್ತು. ನನಗೆ ಅಳು ಬಂತು, ಜೊತೆಗೆ ಅಲ್ಲಿದ್ದವರನ್ನೆಲ್ಲ ಸಾಲಾಗಿ ಕೂರಿಸಿ ದಪ್ಪ ಸೂಜಿಯಲ್ಲಿ ರಕ್ತ ತೆಗೆಯಬೇಕು ಎನ್ನಿಸಿತು.

ಜನ ಕರಗಿದ ಮೇಲೆ ಹೊಸ ಅಧ್ಯಕ್ಷರು ಕೊರಳಲ್ಲಿ ಹಾರ ಹಾಕಿಕೊಂಡೇ ಕುರ್ಚಿ ಮಡಿಸುತ್ತಿದ್ದರು. ನಾನು ಅಭಿನಂದನೆ ಹೇಳಲು ಹೋದೆ. ಅವರು ನನ್ನ ಮುಖ ನೋಡದೆ ಹೇಳಿದರು:

"ನಾನು ನಿಮಗೇ ಹಾಕಿದ್ದು ಮಾರಾಯ್ರೆ. ಇವಳೂ ನಿಮಗೇ. ನಿಮ್ಮ ತಮ್ಮನಿಗೆ ಫೋನಿನಲ್ಲಿ ಹೇಳಿದ್ದೆನಲ್ಲ?"

ನನಗೆ ಕೂರಬೇಕೆನ್ನಿಸಿತು, ಅವರು ಮಡಿಸಿದ ಕುರ್ಚಿಯೊಂದನ್ನು ಬಿಚ್ಚಿ ಕೊಟ್ಟರು. ಸಂಘದ ಇಡೀ ಜನರಲ್ಲಿ ತಮ್ಮನಿಗೆ ನಿಜ ಹೇಳಿದವರೆಂದು ಖಚಿತವಾಗಿ ಹೇಳಬಹುದಾದವರು ಇವರೊಬ್ಬರು, ಇವರ ಉತ್ತರವನ್ನೇ ನಾವು ಕಸವೆಂದು ಗುಡಿಸಿದ್ದೆವು. ನಾನು ಯಾರಿಗೆ ಹಾಕಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಅದರ ಬದಲು ಕೇಳಬೇಕಾದ್ದನ್ನು ಕೇಳಿದೆ: ಶನಿವಾರದ ಕ್ಲಾಸು ಉಳಿಯುತ್ತದಾ? ನೋಡೋಣ ಎನ್ನುತ್ತಾರೆಂದು ನಾನು ಮನಸ್ಸಿನಲ್ಲೇ ಉತ್ತರ ಬರೆದುಕೊಂಡಿದ್ದೆ.

"ಇಲ್ಲ," ಎಂದರು. "ಹಾಲ್ ಆ ಕುಣಿಯುವವರಿಗೆ ಕೊಟ್ಟಾಗಿದೆ. ನಾನು ಇನ್ನು ಏನು ಮಾಡಿದರೂ ಸಿಗುವುದಿಲ್ಲ. ನಿಮಗೆ ಸುಳ್ಳು ಯಾಕೆ ಹೇಳುವುದು?"

ಯಾರಿಗೂ ಆಗುವುದಿಲ್ಲ ಎನ್ನಲು ಬಾರದ ಮನುಷ್ಯ, ಅದನ್ನು ಹೇಳಲು ಕಲಿತದ್ದು ನನ್ನ ಮೇಲೆ. ನಾನು ಅಲ್ಲಿಯೇ ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಅವರು ಇನ್ನೂ ನಾಲ್ಕು ಕುರ್ಚಿ ಮಡಿಸಿ ಬಂದು, ತಮ್ಮ ಗರಾಜು ಖಾಲಿ ಇದೆ, ಟ್ರೇಲರನ್ನು ಹೊರಗೆ ನಿಲ್ಲಿಸಬಹುದು, ಹೀಟರು ಮಾತ್ರ ಇಲ್ಲ ಎಂದರು.

ತಮ್ಮನನ್ನು ಏರ್‌ಪೋರ್ಟಿಗೆ ಬಿಡಲು ಹೊರಟಾಗ ಅವನು ಕಾರಿನಲ್ಲಿ ಫ್ರೀವೇ ಬರುವವರೆಗೂ ವರದಿಯ ಚಿತ್ರಗಳನ್ನು ಫೋನಿನಲ್ಲಿ ತಿರುವುತ್ತಿದ್ದ. ಆಮೇಲೆ, ಲೆಕ್ಕ ಸರಿಯಾಗಿಯೇ ಇತ್ತು, ಬಂದವರ ಪ್ರಮಾಣ ಕೈಕೊಟ್ಟಿತು, ನೋಡೋಣದವರನ್ನು ಬೇರೆ ರೀತಿ ಹಂಚಬೇಕಿತ್ತು ಎಂದು ಶುರುಮಾಡಿದ. ಸಮೀಕ್ಷೆಯೆಂದರೆ ಆ ದಿನದ ಫೋಟೋ, ನಾಳೆಯ ಭವಿಷ್ಯ ಅಲ್ಲ ಎಂದ. ಆ ಫೋಟೋವನ್ನು ಎಲ್ಲರಿಗೂ ತೋರಿಸಿದರೆ ನಾಳೆಯೇ ಬೇರೆಯಾಗುತ್ತದೆ ಕಣೋ ಎಂದೆ. ನನ್ನ ಗೆಲುವನ್ನು ನಂಬಿ ಮನೆಯಲ್ಲಿ ಉಳಿದವರು, ಕ್ಯೂ ಬಿಡದವರು ಇವರೆಲ್ಲ ನಿನ್ನ ಚಿತ್ರ ನೋಡಿದವರು ಎಂದೆ. ಸ್ವಲ್ಪ ದೂರ ಹೋದ ಮೇಲೆ, ಎಲ್ಲ ಬಿಡು, ನಾನು ಎಲ್ಲರನ್ನೂ ಕೇಳಿದ್ದೇನೆ, ಒಬ್ಬರನ್ನೂ ಬಿಟ್ಟಿಲ್ಲ, ಆದರೂ ಹೇಗೆ ತಪ್ಪಿತು ಎಂದ.

"ನನ್ನ ಕೇಳಿದ್ಯಾ?" ಎಂದೆ.

ಅವನು ನನ್ನ ಕಡೆ ತಿರುಗಿ ನೋಡಿದ. ಅಮ್ಮ ಸೌಟು ಕೈಗೆ ಕೊಡುತ್ತಿದ್ದುದು ಅವನಿಗೂ ಗೊತ್ತು, ಆದ್ದರಿಂದ ಹೆಚ್ಚು ಹೇಳಬೇಕಾಗಲಿಲ್ಲ. ಅಯ್ಯೋ ಅಕ್ಕ ಎಂದು ಹಣೆ ಹಿಡಿದುಕೊಂಡ. ವಿಮಾನ ಹತ್ತುವ ಮೊದಲು ನನ್ನನ್ನು ತಬ್ಬಿಕೊಂಡು, ಇದನ್ನು ಆಫೀಸಿನಲ್ಲಿ ಯಾರಿಗೂ ಹೇಳಲು ಆಗುವುದಿಲ್ಲ, ಯಾರಿಗೂ ಅರ್ಥವಾಗುವುದಿಲ್ಲ ಎಂದ.

ಗರಾಜಿನ ಮೊದಲ ಕ್ಲಾಸಿಗೆ ಮುಂಚೆ ನಾನು ಗುಂಪಿನಲ್ಲಿ ಒಂದು ಮೆಸೇಜು ಹಾಕಿದೆ. ಖಂಡಿತ ಕಳಿಸುತ್ತೇವೆ ಎಂದು ಸಾಲುಸಾಲಾಗಿ ಉತ್ತರ ಬಂತು. ಹೃದಯ, ಹೂವು, ಧ್ವಜ. ಶುಕ್ರವಾರ ಸಂಜೆ ತಮ್ಮ ಫೋನು ಮಾಡಿ, ಎಷ್ಟು ಜನ ಬರುತ್ತಾರೆ ಎಂದು ಕೇಳಿದ. ಅವನ ದನಿಯಲ್ಲಿ ಕಸುಬಿನವನ ಕುತೂಹಲವಿತ್ತು. ಗುಂಪಿನ ಪ್ರಕಾರ ಗರಾಜು ಸಾಲುವುದಿಲ್ಲ, ನನ್ನ ಪ್ರಕಾರ ಒಬ್ಬರು ಎಂದೆ. ಮರುದಿನ ನಾನು ಒಂದೇ ಕುರ್ಚಿ ಹಾಕಿದೆ, ದೊಡ್ಡವರ ಕುರ್ಚಿ.

ಬಂದದ್ದು ನನ್ನ ದೊಡ್ಡ ವಿದ್ಯಾರ್ಥಿನಿ ಒಬ್ಬರೇ, ಮನೆಯೊಳಗಿನ ಬಾಗಿಲಿನಿಂದ, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು. ಮೊಣಕಾಲು ಎದೆಗೆ ತಾಗದೆ ಕೂರುವುದು ಅವರಿಗೆ ಆ ಕ್ಲಾಸಿನಲ್ಲಿ ಮೊದಲು. ನಾನು ಬೋರ್ಡಿನ ಮೇಲೆ ಬರೆದೆ, ಅವರು ಓದಿದರು. ಹೊರಗೆ ಟ್ರೇಲರಿನ ಪಕ್ಕ ಗಂಡ ಏನೋ ತೊಳೆಯುತ್ತಿದ್ದರು. ಒಬ್ಬರಿಗೋಸ್ಕರ ಗಂಟಲು ಹರಿದುಕೊಳ್ಳುವ ಅಗತ್ಯವಿರಲಿಲ್ಲ, ಆದರೂ ನಾನು ಹಾಲಿನಲ್ಲಿ ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದೆ, ಹಾಲಿನಲ್ಲಿ ಬೈಯುತ್ತಿದ್ದಷ್ಟೇ ಬೈದೆ. ದವಡೆಯ ನೋವು ಹೋಯಿತು.

ಮುಗಿಸಿ ಡಸ್ಟರ್ ಕೆಳಗಿಡುವಾಗ, ಮುಂದಿನ ವಾರ ಬರುತ್ತೀರಾ ಎಂದು ಕೇಳಿದೆ. ಕೇಳಬಾರದಿತ್ತು ಎಂದು ಕೂಡಲೇ ಅನ್ನಿಸಿತು. ಅವರು ತುಟಿ ಅಲುಗಿಸುತ್ತ ಸ್ವಲ್ಪ ಹೊತ್ತು ಪದಗಳನ್ನು ಜೋಡಿಸಿಕೊಂಡರು. ಅಷ್ಟು ದಿನ ನನ್ನ ಕ್ಲಾಸಿನಲ್ಲಿ ಕೂತರೂ ಅವರು ಕನ್ನಡದಲ್ಲಿ ಸ್ವಂತ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ಮುಂದಿನ ವಾರ ಬರಲ್ಲ. ಡ್ಯೂಟಿ ಐತೆ. ಅದರ ಮುಂದಿನ ವಾರ ಬತ್ತೀನಿ."

ಅದು ತುಮಕೂರಿನ ಕನ್ನಡ, ಅದರಲ್ಲೂ ನಾನು ಬೈಯುವಾಗಿನ ಕನ್ನಡ. ಹೊರಗೆ ನೀರು ನಿಂತಿತು. ಶುದ್ಧ ಕನ್ನಡದ ಅಧ್ಯಕ್ಷರು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ಇವಳು ಎಂತ ಹೇಳಿದ್ದು ಎಂದು ಹೆಂಡತಿಯನ್ನು ದಿಟ್ಟಿಸಿದರು. ನಾನು ಬೋರ್ಡಿನ ಮೂಲೆಯಲ್ಲಿ ಅದರ ಮುಂದಿನ ಶನಿವಾರದ ತಾರೀಖು ಬರೆದು, ಇದನ್ನು ಮಾತ್ರ ಒರೆಸಬೇಡಿ ಎಂದು ಅಧ್ಯಕ್ಷರಿಗೆ ಹೇಳಿ ಮನೆಗೆ ಹೊರಟೆ.